ಗುಬ್ಬಿಯ ಸರದಿ

"ಕಣ್ಣು ಮುಚ್ರೇ ಮುಂಡೇವಾ. ನಿಂತಿರೋದು ದೇವರ ಮುಂದೆ, ಸಂತೇಲಲ್ಲ."

ಮೇಸ್ತ್ರಿ ಹೀಗೆ ಬೈದ ಮೇಲೆಯೇ ನಮ್ಮ ಲಾಂಡ್ರಿಯಲ್ಲಿ ಪ್ರಾರ್ಥನೆ ಶುರುವಾಗುವುದು. ಆಸ್ಪತ್ರೆಗಳ ಬೆಡ್‌ಶೀಟು ಒಗೆದು, ಹಿಂಡಿ, ಬಿಸಿ ರೋಲರಿಗೆ ಕೊಟ್ಟು, ಮಡಿಸಿ ಕಳಿಸುವ ಹೆಂಗಸರು ನಾವು. ಕೆಲಸಕ್ಕೆ ಮುಂಚೆ ಮಿಷನ್ನುಗಳ ನಡುವೆ ಸುತ್ತಾಗಿ ನಿಂತು ಕೈಕೈ ಹಿಡಿದುಕೊಳ್ಳಬೇಕು, ಎಲ್ಲರೂ ಆಮೆನ್ ಅನ್ನುವ ತನಕ ಬಿಡುವಂತಿಲ್ಲ. ದಿನಕ್ಕೊಬ್ಬಳ ಸರದಿ. ಇವತ್ತು ತೊಟ್ಟಿಯವಳು ಪ್ರಾರ್ಥಿಸಿದರೆ ನಾಳೆ ಹಿಂಡುವವಳು, ಆಮೇಲೆ ರೋಲರಿನವಳು, ಆಮೇಲೆ ಮಡಿಸುವವಳು.

ಈ ಪದ್ಧತಿ ತಂದವರು ಮಾಲೀಕರು. ನಾವು ಹೋಗುವ ಚರ್ಚಿನಲ್ಲಿ ಅವರು ಸಭೆಯ ಹಿರಿಯರು ಕೂಡ. ಮಾಲೀಕರೇ ಅನ್ನಬೇಡಿ, ಕ್ರಿಸ್ತನಲ್ಲಿ ಎಲ್ಲರೂ ಒಂದೇ ಮನೆಯವರು, ಅಣ್ಣ ಅನ್ನಿ ಎಂದರು. ಅಂದೆವು. ಅನ್ನುವುದಕ್ಕೆ ನಮ್ಮ ಗಂಟೇನು ಹೋಗಬೇಕು? ಆದರೆ ಅಣ್ಣ ಒಂದು ದಿನವಾದರೂ ನಮ್ಮ ಜೊತೆ ಕೂತು ಡಬ್ಬಿ ಬಿಚ್ಚಿದ್ದಿಲ್ಲ. ಅಣ್ಣನ ಮನೆಯಲ್ಲಿ ತಂಗಿಯರು ಕಕ್ಕಸಿಗೆ ಹೋಗಬೇಕಾದರೂ ಮೇಸ್ತ್ರಿಯ ಮುಂದೆ ಬೆರಳೆತ್ತಿ ನಿಲ್ಲಬೇಕಿತ್ತು.

ರೋಲರಿನವಳು ಗುಬ್ಬಿ. ಆಳು ಅಷ್ಟೇ ಇದ್ದದ್ದರಿಂದ ಆ ಹೆಸರು. ಕೆಲವು ವಾರಗಳ ಹಿಂದೆ ರೋಲರು ಶೀಟಿನ ಜೊತೆಗೆ ಅವಳ ಕೈಯನ್ನೂ ಒಳಗೆಳೆದುಕೊಂಡಿತು. ಆಸ್ಪತ್ರೆಯಲ್ಲಿ, ನಾವೇ ಒಗೆದ ಶೀಟಿನ ಮೇಲೆ ಮಲಗಿ ಸತ್ತಳು. ಅವಳ ಜಾಗದಲ್ಲಿ ಈಗ ನಾವು ಒಬ್ಬೊಬ್ಬರಾಗಿ ನಿಲ್ಲುತ್ತೇವೆ. ಹೊರಬರುವ ಪ್ರತಿ ಶೀಟಿನ ಮೇಲೂ ಏನನ್ನೋ ಹುಡುಕುತ್ತೇವೆ. ಏನೂ ಇರುವುದಿಲ್ಲ. ಹಾಲಿನಂಥ ಬಿಳುಪು. ಆ ಬಿಳುಪಿಗೇ ನಮಗೆ ಹೆದರಿಕೆ. ಮಡಿಸುವ ಮುದುಕಿ ಈಗಲೂ ಕೈ ಚಾಚಿ, "ಕೊಡೇ ಗುಬ್ಬೀ" ಅಂದುಬಿಡುತ್ತಾಳೆ. ಅಂದ ಮೇಲೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯುವುದಿಲ್ಲ.

ಗುಬ್ಬಿಯ ಅಕ್ಕ ತೊಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ನಮಗೆಲ್ಲ ಅವಳು ದೊಡ್ಡಕ್ಕ. ನಿನ್ನೆ ಸಂಜೆ ಅಣ್ಣ ಪಾದ್ರಿಯನ್ನು ಕರೆದುಕೊಂಡು ಅವಳ ಮನೆಗೆ ಹೋಗಿದ್ದರಂತೆ. ಇದ್ದ ಒಂದು ಕುರ್ಚಿಯಲ್ಲಿ ಕೂತು, ನಾಳೆ ಲೇಬರ್ ಆಫೀಸಿನ ಸಾಹೇಬರು ವಿಚಾರಣೆಗೆ ಬರ್ತಾರೆ, ಗುಬ್ಬಿ ನಿಂತಲ್ಲೇ ತೂಕಡಿಸಿದಳು ಅಂತ ನೀನೊಂದು ಮಾತು ಹೇಳಿದರೆ ಸಾಕು, ಸತ್ತವಳಿಗೆ ಇನ್ನೇನು ನಷ್ಟ ಎಂದರಂತೆ. ಕ್ಷಮೆಯೇ ಕ್ರೈಸ್ತರಿಗೆ ಒಡವೆ ಎಂದು ಪಾದ್ರಿ ದನಿಗೂಡಿಸಿದರಂತೆ. ಹೇಳದಿದ್ದರೆ ಲಾಂಡ್ರಿಗೆ ಬೀಗ ಬೀಳುತ್ತದೆ, ಎಷ್ಟು ಮನೆಯ ಒಲೆ ಆರುತ್ತದೆ ನೋಡಿಕೋ ಎಂದು ಅಣ್ಣ ಎದ್ದರಂತೆ.

ಬೆಳಿಗ್ಗೆ ನಲ್ಲಿಯ ಹತ್ತಿರ ದೊಡ್ಡಕ್ಕ ಇದನ್ನೆಲ್ಲ ಹೇಳಿದಾಗ, ಹೇಳಿಬಿಡೇ ಎಂದವರು ನಮ್ಮಲ್ಲೂ ಇದ್ದರು. ಒಲೆ ಎಲ್ಲರ ಮನೆಯಲ್ಲೂ ಇದೆ. ಅವಳು ಸಿಟ್ಟಾಗಲಿಲ್ಲ.

"ಕ್ಷಮಿಸೋ ಮನಸ್ಸು ಕೊಡಪ್ಪಾ ಅಂತ ದಿನಾ ಅಳ್ತೀನಿ ಕಣ್ರೇ. ಆದ್ರೆ ಸತ್ತವಳ ಮೇಲೆ ಸುಳ್ಳು ಹೊರಿಸಿ ಕ್ಷಮಿಸೋದು ಎಂಥ ಕ್ಷಮೆ?"

ಸಾಹೇಬರು ಬಂದರು. ತಮ್ಮದು ಎಂಥ ಮನೆ ಎಂದು ತೋರಿಸಲು ಅಣ್ಣ ಅವರನ್ನೂ ಸುತ್ತಿನೊಳಗೆ ನಿಲ್ಲಿಸಿದರು. ತಾವು ದೊಡ್ಡಕ್ಕನ ಪಕ್ಕಕ್ಕೆ ಬಂದು ಅವಳ ಕೈ ಹಿಡಿದರು. ನೀರಿನಲ್ಲಿ ನೆನೆದು ಬಿರಿದ ಕೈ ಅದು. ಅಣ್ಣ ಅದನ್ನು ಹಿಡಿದದ್ದು ಅದೇ ಮೊದಲು.

ಮೇಸ್ತ್ರಿ ಸಾಹೇಬರನ್ನು ನೋಡಿ ತಬ್ಬಿಬ್ಬಾಗಿದ್ದ. ಇಷ್ಟು ದಿನ ಹಿಂಡುವವಳಾದ ಮೇಲೆ ಮಡಿಸುವವಳೆಂದು, ಯಾರೂ ಮಾತಾಡದೆ, ನಡುವಿನ ರೋಲರಿನವಳ ಸರದಿಯನ್ನು ದಾಟಿಕೊಂಡು ಬಂದಿದ್ದೆವು. ಅವನು ಹಳೆಯ ರೂಢಿಯಲ್ಲಿ ಕೂಗಿಬಿಟ್ಟ.

"ನಿನ್ನೆ ಹಿಂಡೋಳ್ದು. ಇವತ್ತು ಗುಬ್ಬಿ. ಹೂಂ, ಶುರು ಮಾಡೇ."

ಗುಬ್ಬಿ ಬಾಯಿ ತೆರೆಯುತ್ತಾಳೆಂದೇ ನಾವು ಕಾದೆವು, ದೇವರಾಣೆ.

"ತಂದೇ," ಎಂದಳು ದೊಡ್ಡಕ್ಕ. "ಇವತ್ತು ನನ್ ತಂಗಿ ಸರದಿ. ಅವಳ ಬದ್ಲು ನಾನು ಹೇಳ್ತೀನಿ. ತಪ್ಪಿದ್ರೆ ನಿನ್ ಪಕ್ಕದಲ್ಲೇ ಇದಾಳೆ, ಅವಳ್ನೇ ಕೇಳು. ಅಣ್ಣನಿಗೋಸ್ಕರ ಬೇಡ್ಕೋತಿದೀನಿ. ರೋಲರ್ ಮುಂದೆ ಒಂದು ಕಂಬಿ ಇತ್ತು. ಕೈ ತಾಗಿದ್ರೆ ಮಿಷನ್ ನಿಲ್ತಿತ್ತು. ಬಟ್ಟೆ ತಾಗಿದ್ರೂ ನಿಲ್ತದೆ, ಕೆಲ್ಸ ಸಾಗಲ್ಲ ಅಂತ ಅಣ್ಣ ಅದನ್ನ ಬಿಚ್ಚಿಸಿದ್ರು."

ಅಣ್ಣ ಕೆಮ್ಮಿದರು. ಆದರೆ ಒಬ್ಬರು ದೇವರೊಡನೆ ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಕೂಡದೆಂದು ನಮಗೆ ಕಲಿಸಿದವರು ಅವರೇ.

"ಕಂಬಿ ಬೇಕು ಅಂತ ಗುಬ್ಬಿ ಕೇಳಿದ್ಳು. ಮೇಸ್ತ್ರಿ ಅವಳನ್ನ ಸೂಳೆ ಅಂದ. ಅವನ ಹೆಂಡ್ತಿ ಆಸ್ಪತ್ರೇಲಿದ್ಳು, ಅವನಿಗೆ ಊಟ ಇರ್ಲಿಲ್ಲ. ಮಾರನೇ ದಿನ ಗುಬ್ಬಿ ತನ್ನ ಡಬ್ಬೀಲಿ ಅರ್ಧ ಅವನಿಗೆ ಕೊಟ್ಳು. ನೀನು ನೋಡಿದೀಯ."

ಮೇಸ್ತ್ರಿಯ ಕೈ ಹಿಡಿದಿದ್ದವಳು ನಾನು.

"ಅವಳು ತೂಕಡಿಸಿರ್ಲಿಲ್ಲ ತಂದೆ. ಹಾಡ್ತಿದ್ಳು. ನಿದ್ದೇಲಿ ಯಾರೂ ಹಾಡಲ್ಲ. ಅಣ್ಣನ್ನ ನಾನು ಕ್ಷಮಿಸ್ಬೇಕು. ಕ್ಷಮಿಸ್ತೀನಿ. ಏನನ್ನ ಕ್ಷಮಿಸ್ಬೇಕು ಅಂತ ಅವರಿನ್ನೂ ಬಾಯಿಬಿಟ್ಟಿಲ್ಲ. ಹೇಳೋವರ್ಗೂ ಕಾಯ್ತೀನಿ."

ಅಲ್ಲಿಗೆ ನಿಂತಳು. ಆಮೆನ್ ಅನ್ನಲಿಲ್ಲ.

ಅಣ್ಣನೇ "ಆಮೆನ್" ಎಂದರು. ಯಾರೂ ದನಿಗೂಡಿಸಲಿಲ್ಲ. ಮತ್ತೆ, ಸ್ವಲ್ಪ ಜೋರಾಗಿ ಎಂದರು. ಹೊರಗೆ ಆಸ್ಪತ್ರೆಯ ಗಾಡಿ ಹಾರ್ನ್ ಬಾರಿಸುತ್ತಿತ್ತು. "ಕೈ ಬಿಡಮ್ಮ," ಎಂದು ಪಿಸುಗುಟ್ಟಿದರು. ಅವಳು ಬಿಡಲಿಲ್ಲ. ಮೇಸ್ತ್ರಿ ಕೊಸರಿಕೊಂಡ, ನಾನೂ ಬಿಡಲಿಲ್ಲ. ಮಡಿಸುವ ಮುದುಕಿ ನನ್ನ ಇನ್ನೊಂದು ಕೈಯನ್ನು ಎಲುಬು ನೋಯುವಂತೆ ಹಿಡಿದುಕೊಂಡಳು.

ನಾವು ಕಣ್ಣು ಮುಚ್ಚಿಕೊಂಡೇ ನಿಂತಿದ್ದೆವು.