ಕಡಲ ಮೇಲೆ ಎರಡು ಸುತ್ತು

“ಮೂಗು ಇಳೀತಿದೆ, ಎತ್ತಪ್ಪಾ,” ಎಂದುಬಿಟ್ಟ ಮೇಲೆ ಮೇಷ್ಟರಿಗೆ ನಗು ಬಂತು. ವಿಮಾನದ ಹಿಡಿಕೆ ಅವರ ಕೈಯಲ್ಲೇ ಇತ್ತು. ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಹತ್ತೊಂಬತ್ತು ವರ್ಷ ಇದೇ ತರಬೇತಿ ಜೆಟ್ಟಿನ ಹಿಂದಿನ ಸೀಟಿನಲ್ಲಿ ಕೂತು ಹೊಸಬರಿಗೆ ಹಾರಾಟ ಕಲಿಸಿದವರು ಅವರು. ಹೆಂಡತಿ ತೀರಿಕೊಂಡ ಮೇಲೆ ಬೈಯುವುದಕ್ಕೆ, ನಗುವುದಕ್ಕೆ ಉಳಿದಿದ್ದವರು ಆ ಶಿಷ್ಯರೇ. ಹೊಸ ವಿಮಾನಗಳು ಬಂದವು, ಶಾಲೆ ಬೇರೆಡೆಗೆ ಹೋಯಿತು. ಹಳೆಯ ಜೆಟ್ಟನ್ನೂ ಜೊತೆಗೆ ಮೇಷ್ಟರನ್ನೂ ನೌಕಾಪಡೆಗೆ ಕೊಟ್ಟು, ಹಿಂದಿನ ಸೀಟು ಬಿಚ್ಚಿ ಅಲ್ಲಿ ಕ್ಯಾಮೆರಾ ಕೂರಿಸಿದರು. ಕಡಲ ಮೇಲೆ ಹಾರಿ ಹಡಗುಗಳ ಚಿತ್ರ ತೆಗೆದು ತರುವುದು ಈಗಿನ ಕೆಲಸ. “ಕ್ಯಾಮೆರಾ ಎದುರುತ್ತರ ಕೊಡಲ್ಲ ಬಿಡಿ, ನಿಮಗೆ ಆರಾಮ,” ಎಂದಿದ್ದ ಮೆಕ್ಯಾನಿಕ್.

ಎಡರೆಕ್ಕೆಯ ಕೆಳಗೆ ಏನೋ ಕಂಡಿತು. ವಿಮಾನ ಓರೆ ಮಾಡಿ ನೋಡಿದರು. ಮಗುಚಿದ ದೋಣಿ. ಅದರ ಬೆನ್ನ ಮೇಲೆ ಒಬ್ಬ, ಅಂಗಿ ಬಿಚ್ಚಿ ಬೀಸುತ್ತಿದ್ದ.

“ಒಬ್ಬನಿದಾನೆ. ಜೀವ ಇದೆ,” ಎಂದು ರೇಡಿಯೊದಲ್ಲಿ ಜಾಗ ತಿಳಿಸಿದರು.

“ಹಡಗು ಕಳಿಸ್ತೀವಿ, ಎರಡು ಗಂಟೆ ಬೇಕು. ಫ್ಯೂಯಲ್ ಎಷ್ಟಿದೆ ಮೇಷ್ಟ್ರೇ?” ನೆಲೆಯಿಂದ ಉತ್ತರ ಬಂತು.

“ಇನ್ನೆರಡು ಸುತ್ತಿಗೆ ಆಗುತ್ತೆ.”

“ನಮಗೂ ಲೆಕ್ಕ ಬರುತ್ತೆ. ವಾಪಸ್ ಬನ್ನಿ.”

ಆದರೂ ಎರಡು ಸುತ್ತು ಹೊಡೆದರು. ಎರಡನೆಯದರಲ್ಲಿ ತೀರ ಕೆಳಗಿಳಿದಾಗ ಅವನ ತೆರೆದ ಬಾಯಿ ಕಂಡಿತು. ರೆಕ್ಕೆ ಅಲ್ಲಾಡಿಸಿ, ದಡದ ಕಡೆ ತಿರುಗಿದರು. ಇಳಿದಾಗ ಟ್ಯಾಂಕು ಬರಿದಾಗಿತ್ತು. ಮೇಲಧಿಕಾರಿ ಚೆನ್ನಾಗಿ ಉಗಿದರು. ಎದುರಿಗೆ ನಿಂತು ಯಾರಾದರೂ ಅಷ್ಟು ಹೊತ್ತು ಮಾತಾಡಿ ಬಹಳ ದಿನವಾಗಿತ್ತು. ಮೇಷ್ಟರು ಪೂರ್ತಿ ಕೇಳಿಸಿಕೊಂಡರು.

ಮೀನುಗಾರ ಬದುಕಿದ. ಮರುದಿನ ಮಧ್ಯಾಹ್ನ ಅವನನ್ನು ನೋಡಲು ಆಸ್ಪತ್ರೆಗೆ ಹೋದರು. ಅವನ ತುಟಿ ಒಡೆದು, ಮುಖದ ಚರ್ಮ ಸುಲಿದಿತ್ತು.

“ಮೇಲಿದ್ದದ್ದು ನಾನೇ,” ಎಂದರು.

ಅವನು ಕೈಮುಗಿಯಲಿಲ್ಲ. “ಮೂರು ದಿನ ಹೇಗೋ ತಡ್ಕೊಂಡೆ ಸ್ವಾಮಿ. ನೀವು ಬಂದು ಹೋದ್ರಲ್ಲ, ಆಮೇಲೆ ಆಗ್ಲಿಲ್ಲ. ಕೈ ಬಿಟ್ಟುಬಿಡೋಣ ಅನ್ನಿಸ್ತು.”

“ರೆಕ್ಕೆ ಅಲ್ಲಾಡಿಸಿದ್ನಲ್ಲಪ್ಪಾ! ನೋಡಿದೀನಿ, ಜನ ಬರ್ತಾರೆ ಅಂತ.”

“ನಂಗೇನು ಗೊತ್ತು? ಬರ್ತೀನಪ್ಪಾ ಅಂತ ಹೇಳಿ ಹೊರಟ ಹಾಗಿತ್ತು.”

ನರ್ಸಮ್ಮ ಬಂದು ನೋಡುವ ಹೊತ್ತು ಮುಗಿಯಿತೆಂದಳು. ಮೇಷ್ಟರು ಎದ್ದರು. ಅವನು ಅವರ ತೋಳು ಹಿಡಿದುಕೊಂಡ.

“ಇನ್ನೊಂಚೂರು ಕೂತ್ಕೊಳ್ಳಿ.”

ಸ್ಟೂಲು ಹತ್ತಿರ ಎಳೆದುಕೊಂಡು ಕೂತರು. ನರ್ಸಮ್ಮ ಇಬ್ಬರನ್ನೂ ನೋಡಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು, ಹಿಡಿತ ಸಡಿಲವಾಗಲಿಲ್ಲ. ಕಿಟಕಿಯ ಬಿಸಿಲು ಮಂಚದ ಕಾಲು ದಾಟಿ ಗೋಡೆ ಹತ್ತುವವರೆಗೂ ಮೇಷ್ಟರು ತೋಳು ಕದಲಿಸದೆ ಕೂತಿದ್ದರು.