ಹೋಗುವವರ ಪಾತ್ರ

ನಾಟಕದ ಮುಖ್ಯ ಪಾತ್ರ ತನಗೇ ಸಿಕ್ಕಿದೆ ಎಂದು ಗೊತ್ತಾದ ದಿನದಿಂದ ದರ್ಜಿಯಮ್ಮನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟಿನ ಅಂಚು ಮಡಿಸುವಾಗಲೂ ಬಾಯಲ್ಲಿ ಇಂಗ್ಲಿಷ್ ಮಾತು. ಅಳಿಯನ ಚಹಾದ ಕಪ್ಪಿಗೆ ವಿಷ ಹಾಕಲು ಹೊರಟು, ಪ್ರತಿ ಸಲವೂ ಬೇರೆ ಯಾರಿಗೋ ಆ ಕಪ್ಪನ್ನು ಕುಡಿಸಿಬಿಡುವ ಅತ್ತೆಯ ಪಾತ್ರ ಅದು. ಇಸ್ತ್ರಿ ಮಾಡುವವನು ಒಂದು ದಿನ ಚಹಾ ತಂದುಕೊಟ್ಟರೆ ಇವಳು ಅದೇ ಗುಂಗಿನಲ್ಲಿ ಕಪ್ಪನ್ನು ಮೂಸಿ ನೋಡಿದಳು. ಪಾಪ, ಅವನು ವಾರವಿಡೀ ಮುಖ ಊದಿಸಿಕೊಂಡು ಓಡಾಡಿದ.

ಈ ನಾಟಕದ ಗುಂಪಿನ ವಿಷಯ ಒಂದಿಷ್ಟು ಹೇಳಬೇಕು. ಇವರಿದ್ದ ಪರದೇಶದ ಭಾಷೆಯೇ ಬೇರೆ. ಹೊಟ್ಟೆಪಾಡಿಗೆಂದು ಅಲ್ಲಿಗೆ ಬಂದವರು ನಾನಾ ದೇಶದವರು. ಎಲ್ಲರಿಗೂ ಅಷ್ಟೋ ಇಷ್ಟೋ ಬರುವುದು ಇಂಗ್ಲಿಷ್ ಎಂದು ಅದರಲ್ಲೇ ನಾಟಕ ಆಡುತ್ತಿದ್ದರು. ದುಡ್ಡಿಗಲ್ಲ, ಬರೀ ಚಪಲಕ್ಕೆ. ಶನಿವಾರ ಮಧ್ಯಾಹ್ನ ಒಂದು ಶಾಲೆಯ ಊಟದ ಹಾಲಿನಲ್ಲಿ ಮೇಜುಗಳನ್ನು ಗೋಡೆಗೆ ತಳ್ಳಿ ತಾಲೀಮು. ದರ್ಜಿಯಮ್ಮನ ಗಂಡ ಗುಂಪಿನಲ್ಲಿ ದೀಪ ನೋಡಿಕೊಳ್ಳುವವನು. ಹಗಲೆಲ್ಲ ಕಟ್ಟಡದ ಕಂಪನಿಯಲ್ಲಿ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಅವನಿಗೆ ಮಾತೆಂದರೆ ಅಷ್ಟಕ್ಕಷ್ಟೆ, ವೈರು ಸ್ವಿಚ್ಚೆಂದರೆ ಪ್ರಾಣ. ಅವನ ಹಿಂದೆ ಬಂದ ಇವಳ ಹರಕು ಇಂಗ್ಲಿಷಿಗೆ ಮಾತಿನ ಪಾತ್ರ ಯಾರು ಕೊಟ್ಟಾರು? ಸೂಜಿ ಹಿಡಿದಳು. ರಾಜನಿಗೆ ನಿಲುವಂಗಿ, ಪೊಲೀಸನಿಗೆ ಟೋಪಿ, ಸತ್ತವನಿಗೆ ಬಿಳಿ ಬಟ್ಟೆ ಎಲ್ಲ ಹೊಲಿದುಕೊಟ್ಟು, ಪರದೆಯ ಮರೆಯಲ್ಲಿ ನಿಂತು ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡಳು. ವರ್ಷಗಳೇ ಹೀಗೆ ಉರುಳಿದವು.

ಈ ಸಲ ಮಾತ್ರ, ಆದದ್ದಾಗಲಿ ಎಂದು ಆಯ್ಕೆಗೆ ನಿಂತಳು. ಎದುರಿಗಿದ್ದವಳು ಬ್ಯಾಂಕಿನವಳು, ಹುಟ್ಟಾ ನಟಿ. ಆದರೂ ಔಷಧಿ ಅಂಗಡಿ ನಡೆಸುವ ನಿರ್ದೇಶಕಿ ಅತ್ತೆಯ ಪಾತ್ರವನ್ನು ದರ್ಜಿಯಮ್ಮನಿಗೇ ಕೊಟ್ಟಳು. ಅಂದಿನಿಂದ ಹಾಲಿನಲ್ಲಿ ಇವಳಿಗೆ ಸಿಗುವ ಮರ್ಯಾದೆಯೇ ಬೇರೆ. ಒಬ್ಬರು ಕುರ್ಚಿ ತಂದು ಹಾಕುತ್ತಿದ್ದರು, ಇನ್ನೊಬ್ಬರು ಬೆನ್ನು ಸವರಿ ಹೋಗುತ್ತಿದ್ದರು. ಬ್ಯಾಂಕಿನವಳಂತೂ ಮುನಿಸಿಕೊಳ್ಳುವುದು ಬಿಟ್ಟು ಉಚ್ಚಾರಣೆ ತಿದ್ದಿಕೊಟ್ಟಳು. ಪ್ರತಿಭೆಗೆ ಜನ ತಲೆಬಾಗುತ್ತಾರೆ ಎಂದರೆ ಇದೇ ಇರಬೇಕು ಎಂದುಕೊಂಡು ಇವಳು ಒಳಗೊಳಗೇ ಬೀಗಿದಳು.

ಹೀಗಿರುವಾಗ ಮುಂದಿನ ಕಾರ್ಯಕ್ರಮಗಳನ್ನು ಸಾರುವ ಶನಿವಾರ ಬಂತು. ಗುಂಪಿನ ಕಾರ್ಯದರ್ಶಿ ನಿವೃತ್ತ ಭೂಗೋಳದ ಮೇಷ್ಟ್ರು. ಶಾಲೆ ಬಿಟ್ಟು ಬಂದರೂ ಶಾಲೆಯ ಗಂಟೆಯನ್ನು ಬಿಟ್ಟು ಬಂದಿರಲಿಲ್ಲ. ಬೆಂಚಿನ ಮೇಲೆ ಹತ್ತಿ ಗಂಟೆ ಬಾರಿಸಿ ಬಾಯಿ ತೆರೆದರೆಂದರೆ ಎಲ್ಲರೂ ಮಕ್ಕಳಂತೆ ಸುಮ್ಮನಾಗಬೇಕು. ಮೊದಲು ಮಕ್ಕಳಿಗೆ ಬೊಂಬೆಯಾಟದ ಶಿಬಿರ ಎಂದರು, ಚಪ್ಪಾಳೆ. ಕ್ಷೌರದಂಗಡಿಯವನಿಂದ ಬಣ್ಣ ಹಚ್ಚುವ ಪಾಠ ಎಂದರು, ಚಪ್ಪಾಳೆ. ಪಕ್ಕದ ಊರಿನ ನಾಟಕ ಸ್ಪರ್ಧೆಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗುವುದು, ಆಮೇಲೆ ವಿಷದ ಅತ್ತೆಯ ನಾಟಕ. ಅದಕ್ಕೆ ದೊಡ್ಡ ಚಪ್ಪಾಳೆ. ಅದಾದ ಮರುದಿನ, ಇದೇ ಹಾಲಿನಲ್ಲಿ, ಈ ದೇಶ ಬಿಟ್ಟು ಹೊರಟಿರುವ ನಮ್ಮ ದೀಪದವನಿಗೂ ಅವನ ಹೆಂಡತಿ ನಮ್ಮ ದರ್ಜಿಯಮ್ಮನಿಗೂ ಬೀಳ್ಕೊಡುಗೆ ಎಂದರು. ದರ್ಜಿಯಮ್ಮ ಅದಕ್ಕೂ ಚಪ್ಪಾಳೆ ತಟ್ಟಿದಳು. ತಟ್ಟಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಿದ್ದರು. ಬ್ಯಾಂಕಿನವಳು ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಕೂತಿದ್ದವಳು ಹಲ್ಲಿನ ಡಾಕ್ಟರು. ಈ ಗಂಡಹೆಂಡಿರನ್ನು ಬಿಟ್ಟರೆ ಆ ಗುಂಪಿನಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಅವಳು ಇವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಅಕ್ಕಾ, ಯಾರು ಹೋಗ್ತಿರೋದು?" ಎಂದಳು ದರ್ಜಿಯಮ್ಮ.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಿಂಗೆ ಗೊತ್ತಿಲ್ವೇನೇ? ನಮಗೆಲ್ಲ ಆಗಲೇ ಗೊತ್ತು. ಅದಕ್ಕೇ ತಾನೇ ಈ ಪಾತ್ರ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಕಚ್ಚಿಕೊಂಡು ಏನು ಪ್ರಯೋಜನ, ಮಾತು ಆಗಲೇ ಜಾರಿತ್ತು. ಆ ಗುಂಪಿನಲ್ಲೊಂದು ವಾಡಿಕೆಯಿದೆ. ಇವತ್ತು ಬಂದವರು ನಾಳೆ ಇನ್ನೊಂದು ದೇಶಕ್ಕೆ ಎದ್ದು ಹೋಗುವ ಜನ ತಾನೇ? ಯಾರಾದರೂ ಹೊರಟರೆ, ಅವರ ಕೊನೆಯ ನಾಟಕದಲ್ಲಿ ದೊಡ್ಡ ಪಾತ್ರವನ್ನು ಅವರಿಗೋ ಅವರ ಮನೆಯವರಿಗೋ ಉಡುಗೊರೆಯಾಗಿ ಕೊಡುತ್ತಾರೆ. ನಟನೆ ಬಂದರೂ ಸರಿ, ಬಾರದಿದ್ದರೂ ಸರಿ. ಹಿಂದೊಮ್ಮೆ ನಲ್ಲಿ ರಿಪೇರಿಯವನು ಹೋಗುವವರ ಪಾತ್ರದಲ್ಲಿ ರಾಜನಾಗಿ ನಿಂತು, ಮಾತು ಮರೆತು, ಸಿಂಹಾಸನದ ಮೇಲೆ ಬೆವರುತ್ತ ಕೂತಿದ್ದ. ಅವನ ನಿಲುವಂಗಿ ಹೊಲಿದವಳೇ ಇವಳು. ಪರದೆಯ ಹಿಂದೆ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳೂ ಇವಳೇ. ತಾನು ಎಲ್ಲಿಗೂ ಹೋಗುವವಳಲ್ಲ ಎಂಬ ಧೈರ್ಯದಲ್ಲಿ ಈ ವಾಡಿಕೆ ಅವಳ ತಲೆಗೇ ಬಂದಿರಲಿಲ್ಲ. ಹಾಕಿದ ಕುರ್ಚಿ, ಬೆನ್ನು ಸವರಿದ ಕೈ ಎಲ್ಲವೂ ಈಗ ಬೇರೆಯದೇ ಅರ್ಥ ಕೊಟ್ಟವು. ಅದು ಮರ್ಯಾದೆಯಲ್ಲ, ಕನಿಕರ.

ಗಂಡ ಹಾಲಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು ವೈರು ಸುತ್ತುತ್ತಿದ್ದ. ಅದಾಗಲೇ ಸುತ್ತಿಟ್ಟ ವೈರು. ಬಿಚ್ಚಿ ಮತ್ತೆ ಸುತ್ತುತ್ತಿದ್ದ.

"ಎಲ್ಲಿಗೆ ಹೋಗ್ತಿದ್ದೀವಿ ನಾವು?" ದರ್ಜಿಯಮ್ಮ ಅವನ ಹತ್ತಿರ ಹೋಗಿ ಕೇಳಿದಳು.

ಕಂಪನಿಯವರು ಬೇರೊಂದು ದೇಶದಲ್ಲಿ ಸೇತುವೆ ಕೆಲಸ ಹಿಡಿದಿದ್ದಾರೆ, ತನ್ನನ್ನು ಅಲ್ಲಿಗೆ ಹಾಕಿದ್ದಾರೆ, ತಾನು ಒಪ್ಪಿಕೊಂಡಾಗಿದೆ ಎಂದು ಅವನು ಕೈಯಲ್ಲಿದ್ದ ವೈರಿನ ಸುರುಳಿಗೆ ಹೇಳಿದ. ಯಾವಾಗ ಒಪ್ಪಿದಿರಿ ಎಂದು ಕೇಳಿದರೆ, ಚಳಿಗಾಲದಲ್ಲಿ ಎಂದ. ಈಗ ಹೊರಗೆ ಮರಗಳೆಲ್ಲ ಚಿಗುರಿ ನಿಂತಿದ್ದವು. ದೀಪದ ಕೆಲಸಕ್ಕೆ ಇನ್ನೊಬ್ಬನನ್ನು ತಯಾರು ಮಾಡಬೇಕಲ್ಲ ಎಂದು ಮೇಷ್ಟ್ರಿಗೆ ಮಾತ್ರ ಕೂಡಲೇ ತಿಳಿಸಿದನಂತೆ, ಅವರಿಂದ ಗುಂಪಿಗೆಲ್ಲ ಗೊತ್ತಾಯಿತಂತೆ. ಹೆಂಡತಿಗೆ ಹೇಳಬೇಕು ಅಂದುಕೊಂಡಾಗಲೆಲ್ಲ ನಾಲಿಗೆ ಏಳಲಿಲ್ಲವಂತೆ. ನಾಟಕವೊಂದು ಮುಗಿಯಲಿ, ಖುಷಿಯಲ್ಲಿರುತ್ತಾಳೆ, ಆಗ ಹೇಳಿದರಾಯಿತು ಎಂದುಕೊಂಡನಂತೆ. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಮಗಳಿಗೂ ತಿಳಿಸಿಲ್ಲ. ಕಟ್ಟಿಕೊಂಡವಳಿಗಿಂತ ದೀಪದ ಕಂಬಕ್ಕೆ ಮೊದಲು ಸುದ್ದಿ ಮುಟ್ಟಿಸಿದ ಗಂಡಸು ಇವನೊಬ್ಬನೇ ಇರಬೇಕು.

"ಪಾತ್ರ? ಅದನ್ನೂ ನೀವೇ ಕೇಳಿ ಕೊಡಿಸಿದ್ರಾ?"

"ಕೇಳ್ಲಿಲ್ಲ. ವಾಡಿಕೆ ಇದೆಯಲ್ವಾ ಅಂತ ನೆನಪಿಸಿದೆ ಅಷ್ಟೆ. ನಿಂಗೆ ಆಸೆ ಇತ್ತಲ್ಲ."

ಆ ಮಾತಿನಲ್ಲಿ ಮೋಸವಿರಲಿಲ್ಲ, ಪ್ರೀತಿಯೇ ಇತ್ತು. ಅದೇ ಅವಳಿಗೆ ಸಹಿಸಲಾಗದೇ ಹೋದದ್ದು. ಮೂಗಿಗೆ ತುಪ್ಪ ಸವರಿ ಕರೆದುಕೊಂಡು ಹೋಗುವುದಕ್ಕೆ ತಾನೇನು ಹಸುಗೂಸೇ? ಊರು ಬಿಡಿಸಲು ಹೊರಟಿದ್ದಕ್ಕಿಂತ ಪಾತ್ರ ಕೊಡಿಸಿದ್ದೇ ಹೆಚ್ಚು ಉರಿಯಿತು, ಅದಕ್ಕೆ ನಾಚಿಕೆಯೂ ಆಯಿತು. ಇಲ್ಲಿ ಇರುವುದಕ್ಕೆ ಅವಳಿಗೆ ಸ್ವಂತ ಪರವಾನಗಿಯಿದೆ, ಅಂಗಡಿಯಲ್ಲಿ ಸ್ವಂತ ಕತ್ತರಿಸುವ ಮೇಜಿದೆ, ಬಸ್ಸು ಹಿಡಿದರೆ ಮಗಳಿದ್ದಾಳೆ. ಸ್ವಂತವೆಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಮಾತ್ರ ಈ ಪಾತ್ರವೊಂದೇ. ಈಗ ನೋಡಿದರೆ ಅದೂ ಯಾರೋ ನೆನಪಿಸಿ ಕೊಡಿಸಿದ ಭಿಕ್ಷೆ.

ಅವಳು ನೇರ ಬೆಂಚಿನ ಬಳಿಗೆ ಹೋಗಿ ಮೇಷ್ಟ್ರ ಕೈಯಿಂದ ಗಂಟೆ ಇಸಿದುಕೊಂಡು ಬಾರಿಸಿದಳು. ಎಲ್ಲರೂ ಗಪ್‌ಚಿಪ್. ಇಂಗ್ಲಿಷ್ ತಡವರಿಸುತ್ತಿತ್ತು, ಆದರೂ ಹೇಳಬೇಕಾದದ್ದನ್ನು ಹೇಳಿಯೇಬಿಟ್ಟಳು. ದೀಪದವನು ಹೋಗುತ್ತಾನೋ ಇಲ್ಲವೋ ಅವನನ್ನು ಕೇಳಿ. ತಾನು ಮಾತ್ರ ಹೋಗುತ್ತಿಲ್ಲ. ಹೋಗದವಳಿಗೆ ಹೋಗುವವರ ಪಾತ್ರ ಯಾಕೆ? ಈಗಲೇ, ಎಲ್ಲರೆದುರಿಗೆ ಮತ್ತೆ ಆಯ್ಕೆಯಾಗಲಿ, ತಾನೂ ಸಾಲಿನಲ್ಲಿ ನಿಲ್ಲುತ್ತೇನೆ ಎಂದಳು.

ನಿರ್ದೇಶಕಿ ಕಕ್ಕಾಬಿಕ್ಕಿಯಾದಳು. ಪಾತ್ರ ನಿನ್ನದೇ, ಇದೆಲ್ಲ ಯಾಕೆ ಎಂದು ಸಮಾಧಾನ ಮಾಡಲು ನೋಡಿದಳು. ನಾವು ಹೊರಡುವ ಸುದ್ದಿ ನಿಮಗೆ ಗೊತ್ತಿರದಿದ್ದರೆ ಯಾರನ್ನು ಆರಿಸುತ್ತಿದ್ದಿರಿ ಎಂದು ದರ್ಜಿಯಮ್ಮ ಕೇಳಿದಳು. ನಿರ್ದೇಶಕಿಯ ಕಣ್ಣು ಬ್ಯಾಂಕಿನವಳ ಕಡೆ ಹೋಗಿ ಬಂತು.

ಆಯ್ಕೆ ಮತ್ತೆ ನಡೆಯಿತು. ದರ್ಜಿಯಮ್ಮ ಜೀವ ಹಿಂಡಿ ಓದಿದಳು, ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಬ್ಯಾಂಕಿನವಳು ಬೇಡ ಬೇಡವೆನ್ನುತ್ತಲೇ ಎದ್ದು ನಿಂತಳು. ಅವಳು ಬರಿಗೈಯಲ್ಲೇ ಕಪ್ಪು ಹಿಡಿದಂತೆ ಮಾಡಿ ಅಳಿಯನ ಕಡೆ ಒಂದು ನೋಟ ಬೀರಿದಳು ನೋಡಿ, ಹಾಲಿಗೆ ಹಾಲೇ ನಕ್ಕಿತು. ಎಲ್ಲರಿಗಿಂತ ಮೊದಲು ನಗು ತಡೆಯಲಾಗದೇ ಹೋದದ್ದು ದರ್ಜಿಯಮ್ಮನಿಗೆ. ನಗುತ್ತಲೇ ಅವಳಿಗೆ ವಿಷಯ ತಿಳಿದುಹೋಯಿತು. ಅತ್ತೆಯ ಪಾತ್ರ ಬ್ಯಾಂಕಿನವಳಿಗೆ ಹೋಯಿತು. ನಿರ್ದೇಶಕಿ ಸ್ವಲ್ಪ ಯೋಚಿಸಿ, ದರ್ಜಿಯಮ್ಮನಿಂದ ಇನ್ನೊಂದು ಪುಟ ಓದಿಸಿ, ಪಕ್ಕದ ಮನೆಯವಳ ಪಾತ್ರ ಕೊಟ್ಟಳು. ಬಂದು, ಎರಡು ಮಾತಾಡಿ, ಚಹಾ ಕುಡಿದು ಸಾಯುವ ಪಾತ್ರ.

ಹೊರಗೆ ಬಸ್ ನಿಲ್ದಾಣದಲ್ಲಿ ಗಂಡ ಹತ್ತಿರ ಬಂದು ನಿಂತ. ಸಿಟ್ಟು ಇಳಿದಿರಬೇಕು ಎಂದು ಅವನ ಲೆಕ್ಕ. "ಹೋಗ್ಲಿ ಬಿಡು. ಆ ಪಾತ್ರನೂ ಹೋಯ್ತು. ಇನ್ನು ಇಲ್ಲೇನಿದೆ ನಿಂಗೆ?"

"ಪಕ್ಕದ ಮನೆಯವಳ ಪಾತ್ರ ಇದೆ. ಅದನ್ನ ಯಾರೂ ನೆನಪಿಸಿ ಕೊಡ್ಸಿದ್ದಲ್ಲ."

ಅವನು ನಕ್ಕ. ಅವಳು ನಗಲಿಲ್ಲವೆಂದು ಕಂಡ ಮೇಲೆ ಅವನ ಮುಖ ಇಳಿಯಿತು. "ಎರಡು ಮಾತಿನ ಪಾತ್ರಕ್ಕೆ ನನ್ನ ಬಿಟ್ಟು ಇಲ್ಲಿರ್ತೀಯಾ?"

"ನೀವು ನಂಗೆ ಒಂದು ಮಾತೂ ಹೇಳ್ದೆ ಹೊರಟಿದ್ರಿ."

ಬಸ್ಸು ಬಂತು. ಅವನು ಅಭ್ಯಾಸದಂತೆ ಮೊದಲು ಹತ್ತಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಜಾಗ ಹಿಡಿದ. ಅವಳು ಕೆಳಗೇ ನಿಂತಿದ್ದಳು. ಕಿಟಕಿಯ ಬಳಿ ಹೋಗಿ, ತನಗೆ ಒಳಗೆ ಇನ್ನೂ ಕೆಲಸವಿದೆ, ಅತ್ತೆಯ ಉಡುಪನ್ನು ತನ್ನ ಅಳತೆಗೆ ಹೊಲಿದಾಗಿತ್ತು, ಅದನ್ನು ಬ್ಯಾಂಕಿನವಳಿಗೆ ಸರಿಹೊಂದಿಸಬೇಕು ಎಂದಳು.

"ನೀವು ಹೋಗಿ ಬನ್ನಿ," ಎಂದು ಹೇಳಿ, ಕತ್ತಿನಲ್ಲಿದ್ದ ಅಳತೆ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಹಾಲಿನ ಕಡೆ ನಡೆದಳು.