ಅರವತ್ತೊಂಬತ್ತು ಕಿಲೋದ ರೈವೋ

ಶುಕ್ರವಾರದ ರೇಸಿನಲ್ಲಿ ರೈವೋ ಕಾಸ್ಕ್ ಮತ್ತೆ ಗೆದ್ದಿದ್ದ. ಐವತ್ತು ದಾಟಿದ ಎಸ್ಟೋನಿಯನ್. ಒಂದು ಕಾಲಕ್ಕೆ ವೃತ್ತಿಪರ ಸೈಕ್ಲಿಸ್ಟ್, ಬೆಟ್ಟದ ಹಾದಿಗಳಲ್ಲಿ ಹೆಸರು ಮಾಡಿದವನು. ನಿವೃತ್ತನಾದ ಮೇಲೆ ಹೆಂಡತಿಯ ಊರಾದ ಬೆಸ್ಟ್ ಎಂಬ ಡಚ್ ಪಟ್ಟಣದಲ್ಲೇ ಉಳಿದಿದ್ದ. ಲಾಕ್‌ಡೌನ್‌ನಲ್ಲಿ ಊರಿನ ಕ್ಲಬ್ಬು ಆನ್‌ಲೈನ್ ರೇಸು ಶುರುಮಾಡಿದಾಗ, ಅವನೊಡನೆ ಸ್ಪರ್ಧಿಸಲೆಂದೇ ನೂರಾರು ಜನ ತಮ್ಮ ಮನೆಗಳಲ್ಲಿ ಸೈಕಲ್ಲನ್ನು ಕಂಪ್ಯೂಟರಿಗೆ ಜೋಡಿಸಿದ ಸ್ಟ್ಯಾಂಡಿಗೆ ಸಿಕ್ಕಿಸಿ, ತೆರೆಯ ಮೇಲಿನ ಹಾದಿ ನೋಡುತ್ತ ತುಳಿಯುತ್ತಿದ್ದರು.

ಫಲಿತಾಂಶ ಪರಿಶೀಲಿಸುವ ಹೊಣೆ ಸಾಲೇಹಾಳದು. ದಾವಣಗೆರೆಯಿಂದ ಬಂದು ಸ್ನಾಯುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು. ಸಮತಟ್ಟಿನಲ್ಲಿ ಎಲ್ಲರಂತಿದ್ದ ರೈವೋ ಏರು ಬಂದೊಡನೆ ಹಾರಿಹೋಗುವುದು ಅವಳನ್ನು ಕಾಡತೊಡಗಿತ್ತು. ತೆರೆಯ ಮೇಲಿನ ಬೆಟ್ಟದಲ್ಲಿ ವೇಗ ನಿರ್ಧಾರವಾಗುವುದು ಕಾಲಿನ ಬಲದಿಂದ ಮತ್ತು ಸ್ಪರ್ಧಿ ನಮೂದಿಸಿದ ತೂಕದಿಂದ; ತೂಕ ಕಡಿಮೆಯಿದ್ದಷ್ಟೂ ವೇಗ ಹೆಚ್ಚು. ಹಾಗಾಗಿ ಎಲ್ಲರೂ ತೂಕದ ಯಂತ್ರದ ಮೇಲೆ ನಿಂತ ವಿಡಿಯೋ ಕಳಿಸಬೇಕಿತ್ತು. ರೈವೋನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವುದೇ ಅವಮಾನವೆಂದುಕೊಂಡಿದ್ದರು.

ಸಾಲೇಹಾ ಕ್ಲಬ್ಬಿನಲ್ಲಿದ್ದ ಗೆಳತಿ ಶ್ರಾವ್ಯಳಿಗೆ ಫೋನು ಮಾಡಿ, ರೈವೋನ ತೂಕವನ್ನೂ ನೋಡಬೇಕೆಂದಳು. ಶ್ರಾವ್ಯ ನಕ್ಕಳು.

“ಅವ್ರನ್ನ ಸ್ಕೇಲ್ ಮೇಲೆ ನಿಲ್ಲಿಸ್ತೀಯಾ? ಬೇಕರಿಯವನು ಅವ್ರ ಫ್ಯಾನು ಕಣೇ, ಆಮೇಲೆ ನಂಗೆ ಬ್ರೆಡ್ಡೂ ಕೊಡಲ್ಲ.”

“ಜೋಕ್ ಬೇಡ. ರಿಸಲ್ಟ್ ಕೆಳಗೆ ಇರೋದು ನನ್ ಹೆಸ್ರು.”

“ಎಲ್ರೂ ಮನೇಲಿ ಕೊಳೀತಿದಾರೆ. ವಾರಕ್ಕೊಂದು ಖುಷಿ, ಅದನ್ನೂ ಕಿತ್ಕೋ.”

“ಸೆಕೆಂಡ್ ಬಂದೋರು ಏನ್ ಪಾಪ ಮಾಡಿದ್ರು?”

ಮನೆಗೆ ದಿನಕ್ಕೊಬ್ಬರೇ ಅತಿಥಿ ಎಂಬ ನಿಯಮವಿದ್ದ ಕಾಲ. ಮರುದಿನ ಸಾಲೇಹಾ ಮಾಸ್ಕ್ ಹಾಕಿಕೊಂಡು ರೈವೋನ ಹಿತ್ತಲ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ವಿಷಯ ಹೇಳಿದಳು. ಅವನು ತೂಕದ ಯಂತ್ರ ತಂದು ಹತ್ತಿ ನಿಂತ. ಎಂಬತ್ತೆರಡು.

“ರೇಸಿನ ನೋಂದಣಿಯಲ್ಲಿ ಅರವತ್ತೊಂಬತ್ತು ಎಂದು ಬರೆದಿದೆ.”

“ರೇಸಿಗಿಳಿಯುತ್ತಿದ್ದ ದಿನಗಳ ತೂಕ. ಅಭಿಮಾನಿಗಳಿಗೆ ಅದು ಬಾಯಿಪಾಠ. ಕ್ಲಬ್ಬಿನವರೇ ತುಂಬಿಬಿಟ್ಟಿದ್ದರು. ತಿದ್ದಿಸಬೇಕು ಅಂದುಕೊಂಡೆ. ಅಷ್ಟರಲ್ಲಿ ಗೆದ್ದುಬಿಟ್ಟೆ.” ಕೆಳಗಿಳಿದ. “ಬಹಿರಂಗ ಮಾಡುತ್ತೀರಾ?”

“ಮಾಡಲೇಬೇಕು.”

“ಈ ಗೆಲುವು ಹೋದರೆ ಹೋಗಲಿ. ಆದರೆ ನನ್ನ ಕಾಲದ ಸೈಕ್ಲಿಸ್ಟರ ಮೇಲೆ ಜನಕ್ಕೆ ಮೊದಲೇ ಅನುಮಾನ. ಇನ್ನು ಹಳೆಯ ಗೆಲುವುಗಳಲ್ಲೂ ಉದ್ದೀಪನ ಮದ್ದು ಹುಡುಕುತ್ತಾರೆ. ಅವು ನಿಜವಾಗಿ ನನ್ನವು.”

ಸಾಲೇಹಾ ಅವನ ತೂಕವನ್ನು ಬರೆದುಕೊಂಡಳು. ಅಂದು ಬೆಳಿಗ್ಗೆ ಅವಳೇ ಅವನ ಹಳೆಯ ಏರುಗಳ ವೇಗವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಲೆಕ್ಕಹಾಕಿದ್ದಳು. ಆ ಲೆಕ್ಕದಿಂದ ಏನೂ ಸಾಬೀತಾಗಿರಲಿಲ್ಲ, ಮದ್ದು ಸೇವಿಸಿದ್ದನೆಂದೂ ಇಲ್ಲ, ಸೇವಿಸಿರಲಿಲ್ಲವೆಂದೂ ಇಲ್ಲ.

ಸಂಜೆ ತಿದ್ದಿದ ಫಲಿತಾಂಶವನ್ನು ಕ್ಲಬ್ಬಿನ ಪುಟಕ್ಕೆ ಹಾಕಿದಳು. ತೂಕ ತುಂಬಿದ್ದು ಕ್ಲಬ್ಬೇ ಎಂದು ಸ್ಪಷ್ಟವಾಗಿ ಬರೆದಳು. ಅದನ್ನು ಯಾರೂ ಓದಿದಂತಿರಲಿಲ್ಲ. ಮೊದಲ ಪ್ರತಿಕ್ರಿಯೆಯೇ, ಹಾಗಾದರೆ ಆಗಿನ ಬೆಟ್ಟದ ಗೆಲುವುಗಳ ಕಥೆಯೇನು, ಎಂದು ಕೇಳಿತ್ತು. ‘ಅನುಮಾನಿಸಲು ಪುರಾವೆಯಿಲ್ಲ’ ಎಂದು ಬರೆದಳು. ಮತ್ತೆ ಓದಿದಾಗ ಅದೇ ಒಂದು ಆರೋಪದಂತೆ ಕಂಡಿತು. ಅಳಿಸಿದಳು.

ಆಗ ರೈವೋನ ಫೋನು ಬಂತು.

“ನೋಡಿದೆ,” ಎಂದ. ದನಿಯಲ್ಲಿ ಕೋಪವಿರಲಿಲ್ಲ. “ಒಂದೇ ಮಾತು ಕೇಳುತ್ತೇನೆ. ಆ ಪ್ರಶ್ನೆ ನಿಮಗೂ ಬಂದಿತ್ತೇ?”

ಇಲ್ಲವೆನ್ನುವುದು ಸುಲಭವಿತ್ತು.

“ಬಂದಿತ್ತು,” ಎಂದಳು ಸಾಲೇಹಾ.

ಅವನು ಫೋನು ಇಡಲಿಲ್ಲ. ಅವಳೂ ಇಡಲಿಲ್ಲ.